ಕೈ ಬರಿದಾಗುವ ಮುನ್ನದ ಲೆಕ್ಕ

ಪೋಕರ್ ಟೂರ್ನಮೆಂಟಿಗೆ ಕೂತ ಹೆಚ್ಚುಕಮ್ಮಿ ಎಲ್ಲರಿಗೂ ಒಂದಲ್ಲ ಒಂದು ಹೊತ್ತಿನಲ್ಲಿ ಎದುರಾಗುವ ಘಟ್ಟವೊಂದಿದೆ. ಆಟದ ಶುರುವಿನಲ್ಲಿ ಮುಂದೆ ಗುಡ್ಡೆಯಾಗಿದ್ದ ಚಿಪ್ಸ್ ಕರಗುತ್ತಾ ಬಂದು ಬೆರಳೆಣಿಕೆಗೆ ಇಳಿದಿರುತ್ತವೆ. ಪಕ್ಕದವರ ಮುಂದೆ ಇನ್ನೂ ಎತ್ತರದ ರಾಶಿ ಇರುತ್ತದೆ. ಆಟದವರು ಇದನ್ನು ‘ಶಾರ್ಟ್ ಸ್ಟ್ಯಾಕ್’ ಎನ್ನುತ್ತಾರೆ. ಈ ಘಟ್ಟದಲ್ಲಿ ಏನು ಮಾಡಬೇಕು ಎಂಬುದರ ಬಗ್ಗೆ ಆಟಗಾರರೂ ಗಣಿತ ಬಲ್ಲವರೂ ದಶಕಗಳಿಂದ ಲೆಕ್ಕ ಹಾಕುತ್ತಾ ಬಂದಿದ್ದಾರೆ. ಅವರಿಗೆ ಸಿಕ್ಕ ಉತ್ತರವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಒಳ್ಳೆಯ ಎಲೆ ಬರಲೆಂದು ಕಾಯುತ್ತಾ ಕೂರಬೇಡ, ಸರಿಯಾದ ಜಾಗ ನೋಡಿ ಇರುವುದಷ್ಟನ್ನೂ ಒಂದೇ ಸಲಕ್ಕೆ ಮುಂದಿಡು.

ಟೂರ್ನಮೆಂಟಿನ ಮೇಜಿನ ಮೇಲೆ ಈ ಮಾತು ಸರಿ. ಅದನ್ನೇ ಸಿರುಗುಪ್ಪದ ಹೊಲದ ಬದುವಿನಲ್ಲಿ ನಡೆಯುವ ಅಂದರ್-ಬಾಹರ್‌ಗೋ, ಮೊಬೈಲಿನ ಪರದೆಗೋ, ಕುರುಗೋಡಿನ ಮೆಣಸಿನಕಾಯಿ ಹೊಲಕ್ಕೋ ಒಯ್ದರೆ ಮನೆ ಹಾಳಾಗುತ್ತದೆ. ‘ಹೇಗೂ ಹೋಗಿದೆ, ಇನ್ನೊಂದು ಕೈ ನೋಡೇಬಿಡೋಣ’ ಎಂಬ ಮಾತು ನಮ್ಮ ಕಡೆ ಹೊಸದಲ್ಲ. ಈಗ ಆ ಮಾತಿಗೆ ಗಣಿತದ ಬಲವೂ ಇದೆ ಎಂದು ನಂಬುವ ಹುಡುಗರು ಹೆಚ್ಚುತ್ತಿದ್ದಾರೆ. ಆದ್ದರಿಂದ ಆ ಗಣಿತ ನಿಜವಾಗಿ ಏನು ಹೇಳುತ್ತದೆ, ಎಲ್ಲಿಯವರೆಗೆ ಹೇಳುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಆಟದ ಕಟ್ಟಳೆ

ಟೂರ್ನಮೆಂಟಿನಲ್ಲಿ ಎಲ್ಲರೂ ಒಂದೇ ಮೊತ್ತದ ಪ್ರವೇಶ ಶುಲ್ಕ ಕಟ್ಟಿ ಸಮನಾದ ಚಿಪ್ಸ್ ಪಡೆಯುತ್ತಾರೆ. ಆ ಚಿಪ್ಸ್ ದುಡ್ಡಲ್ಲ. ನಡುವೆ ಎದ್ದುಹೋಗಿ ಅವನ್ನು ನಗದು ಮಾಡಿಕೊಳ್ಳಲು ಬರುವುದಿಲ್ಲ. ಎಲ್ಲ ಚಿಪ್ಸ್ ಕಳೆದುಕೊಂಡವನು ಹೊರಗೆ. ಕೊನೆಯವರೆಗೆ ಉಳಿದ ಕೆಲವರಿಗೆ ಮಾತ್ರ ಬಹುಮಾನ. ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿಟ್ಟು ಹಂಚುತ್ತಾರೆ, ಐದು ಎಲೆ ನಡುವೆ ಎಲ್ಲರಿಗೂ ಸೇರಿ ಬಿಚ್ಚಿಕೊಳ್ಳುತ್ತವೆ. ಎಲೆ ನೋಡುವ ಮುನ್ನವೇ ಇಬ್ಬರು ಕಡ್ಡಾಯವಾಗಿ ಪಣ ಕಟ್ಟಬೇಕು. ಒಬ್ಬನದು ಸ್ಮಾಲ್ ಬ್ಲೈಂಡ್, ಇನ್ನೊಬ್ಬನದು ಅದರ ಎರಡರಷ್ಟಿರುವ ಬಿಗ್ ಬ್ಲೈಂಡ್. ಈ ಸರದಿ ಮೇಜಿನ ಸುತ್ತ ತಿರುಗುತ್ತಿರುತ್ತದೆ. ಇದರ ಮೇಲೆ ‘ಆಂಟಿ’ ಎಂಬ ಇನ್ನೊಂದು ಕಡ್ಡಾಯ ಪಣವೂ ಸೇರಿಕೊಳ್ಳುತ್ತದೆ. ಇಂತಿಷ್ಟು ನಿಮಿಷಕ್ಕೊಮ್ಮೆ ಈ ಮೊತ್ತಗಳು ಏರುತ್ತಲೇ ಹೋಗುತ್ತವೆ. ಸುಮ್ಮನೆ ಕೂತವನ ಚಿಪ್ಸೂ ಕರಗುವುದು ಇದರಿಂದಲೇ.

ಹಾಗಾಗಿ ಟೂರ್ನಮೆಂಟ್ ಆಟಗಾರ ಮೊದಲು ಎಣಿಸುವುದು ‘ನನ್ನ ಹತ್ತಿರ ಎಷ್ಟು ಚಿಪ್ಸ್ ಇದೆ’ ಎಂದಲ್ಲ, ‘ಇನ್ನು ಎಷ್ಟು ಸುತ್ತು ಕೂರಬಲ್ಲೆ’ ಎಂದು. ಬ್ಯಾಕ್‌ಗ್ಯಾಮನ್ ಆಟದ ದೊಡ್ಡ ಪಂಡಿತ ಪಾಲ್ ಮ್ಯಾಗ್ರಿಯಲ್ ಇದಕ್ಕೊಂದು ಅಳತೆ ಕೊಟ್ಟ. ಅದಕ್ಕೆ ‘ಎಂ’ ಎಂದು ಹೆಸರು. 1995ರಲ್ಲಿ ಲಾಸ್ ವೇಗಸ್‌ನ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯ ಗೆದ್ದ ಡ್ಯಾನ್ ಹ್ಯಾರಿಂಗ್ಟನ್ ತನ್ನ ಪುಸ್ತಕಗಳಲ್ಲಿ ಅದನ್ನು ವಿವರಿಸಿ ಬಳಕೆಗೆ ತಂದ. ಕೈಯಲ್ಲಿರುವ ಚಿಪ್ಸನ್ನು ಒಂದು ಸುತ್ತಿನ ಕಡ್ಡಾಯ ಖರ್ಚಿನಿಂದ ಭಾಗಿಸಿದರೆ ಬರುವುದೇ ಎಂ. ಅದು 20ಕ್ಕಿಂತ ಮೇಲಿದ್ದರೆ ಎಲ್ಲ ಬಗೆಯ ಆಟಕ್ಕೂ ಜಾಗವಿದೆ. 10ರಿಂದ 20ರೊಳಗೆ ಹುಷಾರಾಗಬೇಕು. 10ಕ್ಕಿಂತ ಕೆಳಗೆ ಬಂದರೆ ದಾರಿಗಳು ಕಡಿಮೆಯಾಗುತ್ತವೆ. 5 ಮತ್ತು ಅದಕ್ಕಿಂತ ಕೆಳಗಿನದನ್ನು ಹ್ಯಾರಿಂಗ್ಟನ್ ಕೆಂಪು ವಲಯ ಎಂದು ಕರೆದ. ಅಲ್ಲಿ ಎರಡೇ ದಾರಿ: ಎಲೆ ಕೆಳಗಿಡುವುದು, ಇಲ್ಲವೇ ಇರುವುದೆಲ್ಲವನ್ನೂ ಒಟ್ಟಿಗೆ ಮುಂದಿಡುವುದು. ಆಲ್-ಇನ್ ಎನ್ನುವುದು ಇದನ್ನೇ.

ಒಂದು ಕೈಯನ್ನು ಹತ್ತಿರದಿಂದ ನೋಡೋಣ

ಒಂಬತ್ತು ಜನರ ಮೇಜು. ಸ್ಮಾಲ್ ಬ್ಲೈಂಡ್ 500, ಬಿಗ್ ಬ್ಲೈಂಡ್ 1,000, ಜೊತೆಗೆ ಬಿಗ್ ಬ್ಲೈಂಡಿನವನೇ ಎಲ್ಲರ ಪರವಾಗಿ ಕಟ್ಟುವ ಆಂಟಿ 1,000. ಯಾರೂ ಆಡುವ ಮುನ್ನವೇ ನಡುವೆ 2,500 ಬಿದ್ದಿದೆ. ನಮ್ಮ ಆಟಗಾರನ ಮುಂದೆ 10,000 ಚಿಪ್ಸ್ ಇದೆ. ಎಂ ಸರಿಯಾಗಿ 4. ಅಂದರೆ ಇನ್ನು ನಾಲ್ಕು ಸುತ್ತು, 36 ಕೈ.

ಎಸ್ಸು-ಎಸ್ಸು, ರಾಜ-ರಾಜ, ರಾಣಿ-ರಾಣಿ, ಎಸ್ಸು-ರಾಜ, ಇಂಥ ಭಾರಿ ಜೋಡಿ ಬರುವವರೆಗೆ ಆತ ಕಾಯುತ್ತೇನೆ ಎಂದುಕೊಂಡರೆ? 52 ಎಲೆಗಳಲ್ಲಿ ಎರಡೆರಡು ಎಲೆಯ ಜೋಡಣೆ ಒಟ್ಟು 1,326. ಮೇಲೆ ಹೇಳಿದ ನಾಲ್ಕು ಬಗೆ ಸೇರಿದರೆ 34. ಅಂದರೆ ಸರಾಸರಿ 39 ಕೈಗೊಮ್ಮೆ ಮಾತ್ರ ಇಂಥದ್ದು ಬರುತ್ತದೆ. ಉಳಿದಿರುವುದು 36 ಕೈ, ಅಷ್ಟರಲ್ಲಿ ಬ್ಲೈಂಡ್ ಬೇರೆ ಏರುತ್ತದೆ. ಎಲೆ ಬಂದ ದಿನವೂ ಆತನ ಮುಂದೆ ಪಣಕ್ಕಿಡಲು ಏನೂ ಉಳಿದಿರುವುದಿಲ್ಲ. ಕಾಯುವುದು ಜಾಣತನವಾಗಿ ಕಂಡರೂ ಇಲ್ಲಿ ಅದು ನಿಧಾನವಾಗಿ ಸೋಲುವ ದಾರಿ.

ಈಗ ಆತ ಡೀಲರ್ ಸ್ಥಾನದಲ್ಲಿದ್ದಾನೆ, ಅವನಿಗಿಂತ ಮುಂಚಿನವರೆಲ್ಲ ಎಲೆ ಕೆಳಗಿಟ್ಟಿದ್ದಾರೆ. ಅವನ ನಂತರ ಮಾತಾಡಬೇಕಾದವರು ಇಬ್ಬರೇ, ಎರಡು ಬ್ಲೈಂಡಿನವರು. ಸಾಧಾರಣ ಎಲೆಯಿಟ್ಟುಕೊಂಡೇ 10,000ವನ್ನೂ ಮುಂದಿಡುತ್ತಾನೆ. ಆ ಇಬ್ಬರಲ್ಲಿ ಪ್ರತಿಯೊಬ್ಬನೂ ಐದಕ್ಕೊಂದು ಸಲ ಮಾತ್ರ ಎದುರು ನಿಲ್ಲುವಂಥವನು ಎಂದಿಟ್ಟುಕೊಳ್ಳಿ. ಇಬ್ಬರೂ ಹಿಂದೆ ಸರಿಯುವ ಸಂಭವ ನೂರಕ್ಕೆ 64. ಆಗ ಎಲೆ ತೋರಿಸದೆಯೇ 2,500 ಅವನ ಕಡೆ ಬರುತ್ತದೆ, ರಾಶಿ 12,500 ಆಗುತ್ತದೆ. ಉಳಿದ 36 ಸಲ ಯಾರೋ ಎದುರು ನಿಲ್ಲುತ್ತಾರೆ. ಅವರ ಎಲೆ ಸಹಜವಾಗಿಯೇ ಚೆನ್ನಾಗಿರುತ್ತದೆ, ಇವನ ಗೆಲುವಿನ ಸಂಭವ ಶೇ 35 ಎಂದೇ ಹಿಡಿಯೋಣ. ಗೆದ್ದರೆ ರಾಶಿ ಸುಮಾರು 21,500. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ 10,709 ಚಿಪ್ಸ್ ಬರುತ್ತದೆ. ಎಲೆ ಕೆಳಗಿಟ್ಟು ಸುಮ್ಮನಿದ್ದಿದ್ದರೆ 10,000. ಎದುರಿಗೆ ಯಾರಾದರೂ ನಿಂತಾಗ ಹೆಚ್ಚು ಸಲ ಸೋಲುವವನೇ ಆದರೂ ಒಟ್ಟಿನಲ್ಲಿ ಅವನಿಗೆ 709 ಲಾಭ. ಈ ಲಾಭ ಬಂದದ್ದು ಎಲೆಯ ಬಲದಿಂದಲ್ಲ, ಎದುರಿನವರ ಹಿಂಜರಿಕೆಯಿಂದ.

ಇದೇ ಆಟಗಾರ ಅಂಜಿ ಅಂಜಿ ಕೂತು 3,000ಕ್ಕೆ ಇಳಿದ ಮೇಲೆ ಎಲ್ಲವನ್ನೂ ಮುಂದಿಟ್ಟ ಎನ್ನಿ. ಬಿಗ್ ಬ್ಲೈಂಡಿನವನು ಇನ್ನು 2,000 ಹಾಕಿದರೆ ನಡುವಿನ 5,500ಕ್ಕೆ ಸ್ಪರ್ಧಿಸಬಹುದು. ಅವನಿಗೆ ನೂರಕ್ಕೆ 27 ಸಲ ಗೆದ್ದರೂ ಸಾಕು. ಹೆಚ್ಚುಕಮ್ಮಿ ಯಾವ ಎರಡು ಎಲೆ ಹಿಡಿದರೂ ಅಷ್ಟು ಬಲ ಇದ್ದೇ ಇರುತ್ತದೆ, ಹಾಗಾಗಿ ಅವನು ಹಿಂದೆ ಸರಿಯುವುದಿಲ್ಲ. 10,000 ಇಟ್ಟಾಗ ಅದೇ ಮನುಷ್ಯ ಇನ್ನೂ 9,000 ಹಾಕಬೇಕಿತ್ತು, ಅವನಿಗೆ ಶೇ 42ರಷ್ಟು ಗೆಲುವಿನ ಭರವಸೆ ಬೇಕಿತ್ತು. ಅಲ್ಲಿ ಯೋಚಿಸುತ್ತಿದ್ದ, ಇಲ್ಲಿ ಯೋಚಿಸುವುದಿಲ್ಲ. ಶಾರ್ಟ್ ಸ್ಟ್ಯಾಕ್ ವಿದ್ಯೆಯನ್ನು ಧೈರ್ಯದ ಪಾಠವೆಂದು ಓದುವವರು ಗಮನಿಸಬೇಕಾದದ್ದು ಇದನ್ನೇ. ಅದರ ತಿರುಳು ಇರುವುದು ಹೊತ್ತಿನಲ್ಲಿ. ಕೈಯಲ್ಲಿ ಎದುರಿನವನಿಗೆ ನೋವಾಗುವಷ್ಟು ಇರುವಾಗಲೇ ತೀರ್ಮಾನ ತೆಗೆದುಕೊಳ್ಳಬೇಕು. ಏನೂ ಉಳಿಯದ ಮೇಲೆ ತೋರಿಸುವ ಧೈರ್ಯಕ್ಕೆ ಮೇಜಿನ ಮೇಲೆ ಬೆಲೆಯಿಲ್ಲ.

ಕೊನೆಯ ಚಿಪ್ಸಿಗೆ ಬೆಲೆ ಹೆಚ್ಚು

ಇದೇ ವಿದ್ಯೆಯ ಇನ್ನೊಂದು ಅರ್ಧವನ್ನು ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಬಹುಮಾನದ ಹತ್ತಿರ ಬಂದಾಗ ಚಿಪ್ಸಿನ ಬೆಲೆ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಕುದುರೆ ರೇಸಿನಲ್ಲಿ ಎರಡನೇ, ಮೂರನೇ ಸ್ಥಾನದ ಸಂಭವ ಲೆಕ್ಕ ಹಾಕಲು 1973ರಲ್ಲಿ ಡೇವಿಡ್ ಹಾರ್ವಿಲ್ ಒಂದು ಸೂತ್ರ ಕೊಟ್ಟಿದ್ದ. ಅದೇ ಬಗೆಯ ಲೆಕ್ಕವನ್ನು 1987ರಲ್ಲಿ ಮೇಸನ್ ಮಾಲ್ಮತ್ ಪೋಕರಿಗೆ ತಂದ. ಇಂದು ಎಲ್ಲ ಗಂಭೀರ ಆಟಗಾರರೂ ಕಲಿಯುವ ಐಸಿಎಂ ಲೆಕ್ಕ ಇದು.

ಮೂವರು ಉಳಿದಿದ್ದಾರೆ. ಚಿಪ್ಸ್ 5,000, 3,000, 2,000. ಬಹುಮಾನ 50,000, 30,000, 20,000 ರೂಪಾಯಿ. ಅರ್ಧದಷ್ಟು ಚಿಪ್ಸ್ ಇಟ್ಟುಕೊಂಡವನ ಪಾಲಿನ ನಿಜವಾದ ಬೆಲೆ 50,000 ಅಲ್ಲ, 38,393. ನಡುವಿನವನದು 32,750. ಬರೀ ಐದನೇ ಒಂದು ಪಾಲು ಚಿಪ್ಸ್ ಇರುವ ಕೊನೆಯವನದು 28,857. ದೊಡ್ಡ ರಾಶಿಯ ಒಂದು ಚಿಪ್ಸಿಗಿಂತ ಸಣ್ಣ ರಾಶಿಯ ಒಂದು ಚಿಪ್ಸು ಬೆಲೆಯುಳ್ಳದ್ದು. ಈಗ ದೊಡ್ಡವನು ಎಲ್ಲವನ್ನೂ ಮುಂದಿಟ್ಟು ಸಣ್ಣವನನ್ನು ಕರೆದ ಎನ್ನಿ. ಗೆಲ್ಲುವ ಸೋಲುವ ಸಂಭವ ಸರಿಸಮ. ಬ್ಲೈಂಡನ್ನು ಸದ್ಯಕ್ಕೆ ಬದಿಗಿಟ್ಟರೆ, ಚಿಪ್ಸಿನ ಲೆಕ್ಕದಲ್ಲಿ ಇದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ದುಡ್ಡಿನ ಲೆಕ್ಕದಲ್ಲಿ? ಗೆದ್ದರೆ ಸಣ್ಣವನ ಪಾಲಿನ ಬೆಲೆ 35,429, ಸೋತರೆ 20,000, ಸರಾಸರಿ 27,714. ಸುಮ್ಮನಿದ್ದರೆ 28,857 ಇತ್ತು. ಒಂದೇ ಕ್ಷಣದಲ್ಲಿ 1,143 ರೂಪಾಯಿ ಕೈಬಿಟ್ಟಂತೆ. ನೂರಕ್ಕೆ 57ಕ್ಕಿಂತ ಹೆಚ್ಚು ಗೆಲುವಿನ ಭರವಸೆ ಇಲ್ಲದಿದ್ದರೆ ಅವನು ಈ ಕರೆಗೆ ಒಪ್ಪಬಾರದು.

ಎರಡೂ ಅರ್ಧ ಸೇರಿದರೆ ಪಾಠ ಪೂರ್ತಿಯಾಗುತ್ತದೆ. ಸಣ್ಣ ರಾಶಿಯವನು ತಾನಾಗಿ ಮುನ್ನುಗ್ಗಬಹುದು, ಇನ್ನೊಬ್ಬನ ಸವಾಲಿಗೆ ಸುಲಭಕ್ಕೆ ಎದೆಯೊಡ್ಡಬಾರದು. ಮುನ್ನುಗ್ಗಿದಾಗ ಎದುರಿನವನು ಸರಿಯುವ ಅವಕಾಶವಿದೆ, ಎದೆಯೊಡ್ಡಿದಾಗ ಎಲೆಯನ್ನಷ್ಟೇ ನಂಬಬೇಕು.

ಪೋಕರಿನವರು ಹೆಮ್ಮೆಯಿಂದ ಹೇಳುವ ಕಥೆಯೊಂದಿದೆ. 1982ರ ವಿಶ್ವ ಸರಣಿಯಲ್ಲಿ ಜ್ಯಾಕ್ ಸ್ಟ್ರಾಸ್ ಎಲ್ಲವನ್ನೂ ಸೋತೆನೆಂದು ಏಳುವಾಗ 500ರ ಒಂದು ಚಿಪ್ಸು ಉಳಿದಿರುವುದು ಕಂಡಿತಂತೆ. ಅದನ್ನೇ ಹಿಡಿದು ಕೂತವನು ಕೊನೆಗೆ 5,20,000 ಡಾಲರಿನ ಮೊದಲ ಬಹುಮಾನ ಗೆದ್ದ. ಗೆದ್ದದ್ದು ನಿಜ. ಆದರೆ ಒಂದೇ ಚಿಪ್ಸು ಉಳಿಸಿಕೊಂಡು ಹತ್ತು ನಿಮಿಷದಲ್ಲಿ ಹೊರಬಿದ್ದ ಸಾವಿರಾರು ಜನರ ಕಥೆಯನ್ನು ಯಾರೂ ಹೇಳುವುದಿಲ್ಲ. ನಮ್ಮೂರಿನ ಹುಡುಗರ ಕಿವಿಗೆ ಬೀಳುವುದು ಸ್ಟ್ರಾಸ್‌ನ ಕಥೆ ಮಾತ್ರ.

ಮೂರು ಷರತ್ತು

ಮೇಲಿನ ಲೆಕ್ಕವೆಲ್ಲ ಮೂರು ಷರತ್ತಿನ ಮೇಲೆ ನಿಂತಿದೆ. ಒಂದು, ಕಳೆದುಕೊಳ್ಳುವುದಕ್ಕೆ ಮಿತಿ ಇದೆ. ಪ್ರವೇಶ ಶುಲ್ಕ ಮೊದಲೇ ಹೋಗಿದೆ, ಅದಕ್ಕಿಂತ ಒಂದು ಪೈಸೆ ಹೆಚ್ಚು ಹೋಗುವುದಿಲ್ಲ. ಎರಡು, ಎದ್ದುಹೋಗಿ ಉಳಿಸಿಕೊಳ್ಳುವ ದಾರಿಯಿಲ್ಲ. ಚಿಪ್ಸಿಗೆ ಹೊರಗೆ ಬೆಲೆಯಿಲ್ಲ, ಕೂತರೆ ಬ್ಲೈಂಡ್ ತಿನ್ನುತ್ತದೆ. ಮೂರು, ಎದುರಿನವನು ಹಿಂದೆ ಸರಿಯಬಹುದು. ನಮ್ಮ ನಡೆಯಿಂದ ಅವನ ತೀರ್ಮಾನ ಬದಲಾಗುತ್ತದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ‘ಎಲ್ಲವನ್ನೂ ಮುಂದಿಡು’ ಎಂಬ ಸಲಹೆಯನ್ನು ಹಾಗೇ ನಂಬಲು ಬರುವುದಿಲ್ಲ.

ಬಳ್ಳಾರಿ ಜಾಲಿಯ ನೆರಳಿನಲ್ಲಿ ಟವೆಲ್ ಹಾಸಿ ಆಡುವ ಅಂದರ್-ಬಾಹರ್ ತೆಗೆದುಕೊಳ್ಳಿ. ನಡುವೆ ಒಂದು ಎಲೆ ಬಿಚ್ಚಿಡುತ್ತಾರೆ. ಆಮೇಲೆ ಒಳಗೆ ಒಂದು, ಹೊರಗೆ ಒಂದು ಎಂದು ಎಲೆ ಬೀಳುತ್ತಾ ಹೋಗುತ್ತದೆ. ನಡುವಿನ ಎಲೆಗೆ ಜೋಡಿ ಯಾವ ಕಡೆ ಬಿತ್ತೋ ಆ ಕಡೆ ಕಟ್ಟಿದವರಿಗೆ ದುಡ್ಡು. ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಂಭವ ಶೇ 51.5, ಇನ್ನೊಂದು ಕಡೆಗೆ ಶೇ 48.5. ಆಡುವವನ ಕೈಚಳಕ, ಅನುಭವ, ಧೈರ್ಯ ಯಾವುದೂ ಈ ಅಂಕಿಯನ್ನು ಕದಲಿಸುವುದಿಲ್ಲ. ನಾವು ದೊಡ್ಡ ಮೊತ್ತ ಕಟ್ಟಿದೆವೆಂದು ಎಲೆ ಹೆದರುವುದಿಲ್ಲ. ಮೂರನೇ ಷರತ್ತು ಇಲ್ಲಿಯೇ ಬಿತ್ತು.

ಎರಡನೆಯದೂ ಇಲ್ಲ. ಅಲ್ಲಿ ಬ್ಲೈಂಡಿಲ್ಲ. ಜೇಬಿನಲ್ಲಿ 300 ರೂಪಾಯಿ ಉಳಿದಿದ್ದರೆ ಅದು ನಿಜವಾದ 300 ರೂಪಾಯಿ. ಎದ್ದು ಬಂದರೆ ಮನೆಗೆ ಅಷ್ಟಾದರೂ ಸೇರುತ್ತದೆ. ಟೂರ್ನಮೆಂಟಿನವನಿಗಿಲ್ಲದ ಈ ಭಾಗ್ಯ ಇವನಿಗಿದೆ, ಇವನು ಅದನ್ನೇ ಬಳಸಿಕೊಳ್ಳುವುದಿಲ್ಲ.

ಇದರ ಮೇಲೆ ಆಟ ನಡೆಸುವವನ ಪಾಲು. ಸರಿಸಮ ಆಟದಲ್ಲೇ ಆಗಲಿ, ಗೆದ್ದವನ 100 ರೂಪಾಯಿಯಲ್ಲಿ 5 ರೂಪಾಯಿ ಅವನು ಮುರಿದುಕೊಳ್ಳುತ್ತಾನೆ ಎಂದಿಟ್ಟುಕೊಳ್ಳಿ. 100 ರೂಪಾಯಿಯ ಪ್ರತಿ ಪಣಕ್ಕೆ ಸರಾಸರಿ ಎರಡೂವರೆ ರೂಪಾಯಿ ನಷ್ಟ. 40 ಕೈಗೆ 100 ರೂಪಾಯಿ, 400 ಕೈಗೆ 1,000 ರೂಪಾಯಿ ಸವೆಯುತ್ತದೆ. ಅಂದರ್-ಬಾಹರ್‌ನಲ್ಲಿ ಒಂದು ಕೈ ಮುಗಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಇಂಥ ಆಟದಲ್ಲಿ ಏನು ಮಾಡಬೇಕೆಂದು ಗಣಿತ ಕೇಳದೆ ಬಿಟ್ಟಿಲ್ಲ. ಲೆಸ್ಟರ್ ಡುಬಿನ್ಸ್ ಮತ್ತು ಲಿಯೊನಾರ್ಡ್ ಸ್ಯಾವೇಜ್ 1965ರಲ್ಲಿ ಇದರ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಆಟ ನಮಗೆ ವಿರುದ್ಧವಾಗಿದ್ದು, ಆಡಲೇಬೇಕಾಗಿದ್ದು, ಒಂದು ಗುರಿ ಮುಟ್ಟಲೇಬೇಕಾಗಿದ್ದರೆ ಸಣ್ಣ ಸಣ್ಣದಾಗಿ ಕಟ್ಟುವುದಕ್ಕಿಂತ ದೊಡ್ಡದಾಗಿ ಕಟ್ಟುವುದೇ ಮೇಲು ಎಂದು ಅವರು ತೋರಿಸಿಕೊಟ್ಟರು. ‘ನೋಡೇಬಿಡೋಣ’ ಎನ್ನುವವರಿಗೆ ಇದು ಸಮರ್ಥನೆಯಂತೆ ಕೇಳಿಸುತ್ತದೆ. ಮುಂದಿನ ಮಾತನ್ನೂ ಕೇಳಬೇಕು. 1,000 ರೂಪಾಯಿ ಹಿಡಿದವನು 10,000 ಮಾಡಿಕೊಂಡೇ ಏಳುತ್ತೇನೆಂದು ಕೂತರೆ, ಪೂರ್ತಿ ನ್ಯಾಯವಾದ ಆಟದಲ್ಲೂ ಅವನು ಗುರಿ ಮುಟ್ಟುವ ಸಂಭವ ಹತ್ತಕ್ಕೊಂದನ್ನು ದಾಟುವುದಿಲ್ಲ. ಪಾಲು ಮುರಿದುಕೊಳ್ಳುವ ಆಟದಲ್ಲಿ ಅದು ಹತ್ತಕ್ಕೊಂದಕ್ಕಿಂತಲೂ ಕಡಿಮೆ. ಹೇಗೆ ಕಟ್ಟಿದರೂ, ಎಷ್ಟು ಜಾಣನಾದರೂ ಈ ಮಿತಿ ಮೀರಲಾಗದು. ಆ ಪ್ರಮೇಯ ಹೊರಡುವುದೇ ‘ಆಡಲೇಬೇಕಾಗಿದ್ದರೆ’ ಎಂಬ ಮಾತಿನಿಂದ. ಬಳ್ಳಾರಿ ಜಿಲ್ಲೆಯಲ್ಲಿ ಯಾರಿಗೂ ಆಡಲೇಬೇಕಾದ ಗತಿಯಿಲ್ಲ.

ಕಾನೂನಿನ ಗೆರೆ

ಸಾರ್ವಜನಿಕ ಜಾಗದಲ್ಲಿ ಹಣ ಪಣಕ್ಕಿಟ್ಟು ಅಂದರ್-ಬಾಹರ್ ಆಡಿದವರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ 87ನೇ ಕಲಂ ಹಾಕುತ್ತಾರೆ. ಜೂಜಿನ ಅಡ್ಡೆ ನಡೆಸುವವರಿಗೆ 79, ಅಲ್ಲಿ ಸಿಕ್ಕಿಬಿದ್ದವರಿಗೆ 80ನೇ ಕಲಂ. ಅದೇ ಕಾಯ್ದೆಯ 176ನೇ ಕಲಂ ಕೌಶಲದ ಆಟಗಳಿಗೆ ರಿಯಾಯಿತಿ ಕೊಡುತ್ತದೆ. ವಾದವೆಲ್ಲ ನಡೆದದ್ದು ಈ ‘ಕೌಶಲ’ದ ಸುತ್ತಲೇ. 1967ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು, ಅದು ಮೂರೆಲೆಯಂತೆ ಬರೀ ಅದೃಷ್ಟದ್ದಲ್ಲ ಎಂದಿತು. ಪೋಕರ್ ವಿಷಯದಲ್ಲಿ 2013ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂಬ ನಿಲುವು ತಳೆಯಿತು. 2017ರಲ್ಲಿ ಗುಜರಾತ್ ಹೈಕೋರ್ಟು ಇದಕ್ಕೆ ವಿರುದ್ಧವಾಗಿ ಪೋಕರ್ ಅದೃಷ್ಟದ ಆಟ ಎಂದಿತು.

ಆನ್‌ಲೈನ್ ಪಣಕ್ಕೆ ಕಡಿವಾಣ ಹಾಕಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅಕ್ಟೋಬರ್ 5ರಿಂದ ಅದು ಜಾರಿಗೆ ಬಂತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ನಂತರ ಸಂಸತ್ತೇ ಕಾನೂನು ಮಾಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷ. ಆಡಿದವನನ್ನು ಅದು ಅಪರಾಧಿಯೆಂದು ನೋಡುವುದಿಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋದವು. ಗೋವಾದಲ್ಲಿ 1976ರ ಕಾಯ್ದೆ, ಅದರ ತಿದ್ದುಪಡಿಗಳ ಅಡಿಯಲ್ಲಿ ಕ್ಯಾಸಿನೊಗಳಿಗೆ ಪರವಾನಗಿ ಇದೆ. ಬಳ್ಳಾರಿಯ ಮೇಲೆ ಹಾದುಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಗೋವಾದ ವಾಸ್ಕೋ ತಲುಪುತ್ತದೆ, ಹೋಗಿ ಬರುವವರು ಇದ್ದಾರೆ.

ಪೋಕರಿನಲ್ಲಿ ಕೌಶಲ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಮೇಲಿನ 709 ಚಿಪ್ಸಿನ ಲಾಭವೇ ಅದಕ್ಕೆ ಸಾಕ್ಷಿ. ಆದರೆ ಆ 709 ಸಿಗುವುದು ನೂರಾರು ಸಲ ಅದೇ ತೀರ್ಮಾನ ತೆಗೆದುಕೊಂಡವನಿಗೆ, ಸರಾಸರಿಯಲ್ಲಿ. ಒಂದು ರಾತ್ರಿ ಆಡುವವನಿಗೆ ಸಿಗುವುದು 12,500, ಇಲ್ಲವೇ 21,500, ಇಲ್ಲವೇ ಸೊನ್ನೆ. ಕೌಶಲ ನಿಧಾನವಾಗಿ ಕೂಡುತ್ತದೆ, ಸಾಲ ಒಂದೇ ರಾತ್ರಿಯಲ್ಲಿ ಆಗುತ್ತದೆ.

ಮೊಬೈಲಿನಲ್ಲಿ ಹಣ ಕಟ್ಟಿ ಆಡಿದವರಲ್ಲಿ ಬಹಳ ಜನ ಆಡಿದ್ದು ಟೂರ್ನಮೆಂಟನ್ನೂ ಅಲ್ಲ, ಕ್ಯಾಶ್ ಗೇಮನ್ನು. ಅಲ್ಲಿ ಬ್ಲೈಂಡ್ ಏರುವುದಿಲ್ಲ, ಯಾವಾಗ ಬೇಕಾದರೂ ಏಳಬಹುದು, ಖಾಲಿಯಾದರೆ ಯುಪಿಐಯಲ್ಲಿ ಮತ್ತೆ ತುಂಬಿಸಬಹುದು. ಮತ್ತೆ ತುಂಬಿಸಬಹುದು ಎಂಬುದೇ ಮೊದಲ ಷರತ್ತನ್ನು ಮುರಿಯಿತು. ಟೂರ್ನಮೆಂಟಿನಲ್ಲಿ ಸೊನ್ನೆ ಎಂದರೆ ಆಟ ಮುಗಿಯಿತು, ಇಲ್ಲಿ ಸೊನ್ನೆ ಎಂದರೆ ಬ್ಯಾಂಕ್ ಖಾತೆ, ಆಮೇಲೆ ಸ್ನೇಹಿತರು, ಆಮೇಲೆ ಸಾಲದ ಆ್ಯಪು. ಕಾನೂನು ಒಂದು ಬಾಗಿಲು ಹಾಕಿದರೂ ಕಳ್ಳದಾರಿಯ ಆ್ಯಪುಗಳು ಇನ್ನೊಂದನ್ನು ತೆರೆಯುತ್ತವೆ. ಅಲ್ಲಿ ಮೋಸವಾದರೆ ದೂರು ಕೊಡುವುದು ಇನ್ನೂ ಕಷ್ಟ.

ಹೊಲಕ್ಕೂ ಅದೇ ಲೆಕ್ಕವೇ?

ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಎದುರಿನ ಚಹಾ ಅಂಗಡಿಯಲ್ಲಿ, ಗುತ್ತಿಗೆಗೆ ಹೊಲ ಹಿಡಿದು ಭತ್ತ ಬೆಳೆಯುವ ಹುಡುಗನೊಬ್ಬ ನನ್ನನ್ನು ಕೇಳಿದ: “ಸರ, ಕೈಯಾಗ ಸ್ವಲ್ಪೇ ಉಳದಾಗ ಪೂರಾ ಹಾಕಿಬಿಡಾದೇ ಲೆಕ್ಕ ಅಂತ ಯೂಟ್ಯೂಬ್‌ನಾಗ ಹೇಳ್ತಾರಲ್ರೀ. ಹೊಲಕ್ಕೂ ಅದೇ ಅಲ್ಲೇನು?” ತಮಾಷೆಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ಗುತ್ತಿಗೆ, ಬೀಜ, ಗೊಬ್ಬರ, ಔಷಧಿ, ಕೂಲಿ, ಬಡ್ಡಿ ಎಲ್ಲವೂ ಅವನಿಗೆ ಬ್ಲೈಂಡಿನ ಹಾಗೆಯೇ. ಬೆಳೆದರೂ ಬೆಳೆಯದಿದ್ದರೂ ಕಟ್ಟಲೇಬೇಕು, ವರ್ಷದಿಂದ ವರ್ಷಕ್ಕೆ ಏರುತ್ತವೆ. ನೀರಂತೂ ಅವನ ಕೈಯಲ್ಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾದಾಗ ಕಾಲುವೆಯ ಕೆಳಗಿನವರೆಲ್ಲ ಉಸಿರು ಬಿಗಿಹಿಡಿದಿದ್ದರು. ಹಳೆಯ ಗೇಟುಗಳನ್ನು ಬದಲಿಸಬೇಕಾದ ಕಾರಣ 2025–26ರಲ್ಲಿ ಎರಡನೇ ಬೆಳೆಗೆ ನೀರಿಲ್ಲವೆಂದಾಯಿತು. ಕುರುಗೋಡು ಕಡೆಯ ಮೆಣಸಿನಕಾಯಿಯವರಿಗೆ ಬೆಲೆಯೂ ಕೈಯಲ್ಲಿಲ್ಲ. 2024ರ ಮಾರ್ಚ್ 11ರಂದು ಬೆಲೆ ಕುಸಿತಕ್ಕೆ ರೊಚ್ಚಿಗೆದ್ದ ರೈತರಿಂದ ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಭೆಯಾದದ್ದು ಎಲ್ಲರಿಗೂ ನೆನಪಿದೆ.

ಆದರೂ ಹೊಲಕ್ಕೆ ಆಲ್-ಇನ್ ಸಲ್ಲದು. ಮೊದಲ ಷರತ್ತೇ ಅಲ್ಲಿಲ್ಲ. ಟೂರ್ನಮೆಂಟಿನಲ್ಲಿ ಸೋತವನು ಬರಿಗೈಯಲ್ಲಿ ಎದ್ದು ಹೋಗುತ್ತಾನೆ, ನಾಳೆ ಸೊನ್ನೆಯಿಂದ ಶುರು ಮಾಡಬಹುದು. ಕೈಸಾಲ ತಂದು ಹೆಚ್ಚಿನ ಹೊಲ ಹಿಡಿದು, ಒಂದೇ ಬೆಳೆಗೆ ಎಲ್ಲ ಸುರಿದವನು ಸೋತರೆ ಸೊನ್ನೆಗಿಂತ ಕೆಳಗೆ ಇಳಿಯುತ್ತಾನೆ. ಅವನ ಬ್ಲೈಂಡು ಮನೆಯ ಬಾಗಿಲಿಗೆ ಬರುತ್ತದೆ. ಎದುರಿಗೆ ಹಿಂಜರಿಯುವ ಎದುರಾಳಿಯೂ ಇಲ್ಲ. ಇವನು ಎಷ್ಟು ಎಕರೆಗೆ ಹಾಕಿದ್ದಾನೆಂದು ನೋಡಿ ಮಳೆಯಾಗಲಿ ಮಾರುಕಟ್ಟೆಯಾಗಲಿ ಹಿಂದೆ ಸರಿಯುವುದಿಲ್ಲ.

ಆ ಹುಡುಗನಿಗೆ ಶಾರ್ಟ್ ಸ್ಟ್ಯಾಕ್ ವಿದ್ಯೆಯಿಂದ ಕಲಿಯಲು ಏನೂ ಇಲ್ಲವೆಂದು ನಾನು ಹೇಳಲಿಲ್ಲ. ಇದೆ. ‘ಎಲ್ಲವನ್ನೂ ಮುಂದಿಡು’ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ಬೇಕಾದದ್ದೇ. ಮೊದಲು, ಎಷ್ಟು ದುಡ್ಡಿದೆ ಎಂದು ಎಣಿಸುವ ಬದಲು ಎಷ್ಟು ಸುತ್ತು ತಡೆಯಬಲ್ಲೆ ಎಂದು ಎಣಿಸುವುದು. ಒಂದು ಹಂಗಾಮಿನ ಕಡ್ಡಾಯ ಖರ್ಚು ಎಷ್ಟು, ಕೈಯಲ್ಲಿರುವುದು ಎಷ್ಟು, ಭಾಗಿಸಿದರೆ ಎಷ್ಟು ಹಂಗಾಮು? ಎರಡಕ್ಕಿಂತ ಕಡಿಮೆ ಬಂದರೆ ಆಗಲೇ ಎಚ್ಚರವಾಗಬೇಕು. ಎರಡನೆಯದು, ತೀರ್ಮಾನವನ್ನು ಕೈಯಲ್ಲಿ ಇನ್ನೂ ಬಲವಿರುವಾಗಲೇ ತೆಗೆದುಕೊಳ್ಳುವುದು. ಗುತ್ತಿಗೆ ಕಡಿಮೆ ಮಾಡಿಕೊಳ್ಳುವ ಮಾತು, ಬೆಳೆ ಬದಲಿಸುವ ಮಾತು, ಹಳೆ ಸಾಲಕ್ಕೆ ಗಡುವು ಕೇಳುವ ಮಾತು 10,000 ಇರುವಾಗ ಆಡಿದರೆ ಕೇಳುವವರಿರುತ್ತಾರೆ. 3,000ಕ್ಕೆ ಇಳಿದ ಮೇಲೆ ಯಾರೂ ಕಿವಿಗೊಡುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದೆ ಸಿಗುವ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ. ಕೈಸಾಲಕ್ಕೆ ಹೋಗುವ ಮುನ್ನ ಆ ಬಾಗಿಲು ತಟ್ಟಬೇಕು. ಮೀಟರ್ ಬಡ್ಡಿಯವರ, ಮೈಕ್ರೊ ಫೈನಾನ್ಸಿನವರ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದಿರುವುದೂ ಎಲ್ಲರಿಗೂ ಗೊತ್ತಿರಬೇಕು. ಮೂರನೆಯದು, ಕೊನೆಯ ಚಿಪ್ಸಿನ ಬೆಲೆ. ಸಣ್ಣ ರಾಶಿಯವನ ಒಂದೊಂದು ರೂಪಾಯಿಯೂ ದೊಡ್ಡವರ ರೂಪಾಯಿಗಿಂತ ತೂಕದ್ದು. ಮಗಳ ಫೀಸಿಗೋ ಅಪ್ಪನ ಔಷಧಿಗೋ ಎತ್ತಿಟ್ಟ ದುಡ್ಡನ್ನು ‘ಸರಿಸಮ ಸಂಭವವಿದೆ’ ಎಂಬ ಮಾತಿಗೆ ಪಣಕ್ಕಿಡಬಾರದು.

ಹಬ್ಬದ ದಿನ ಮನೆಮಂದಿ ಕೂತು ಇಸ್ಪೀಟು ಆಡುವುದನ್ನು ನಾನು ವಿರೋಧಿಸುವುದಿಲ್ಲ. ಎಲೆಯಾಟದಲ್ಲಿ ಬುದ್ಧಿಗೆ ಕೆಲಸವಿದೆ. ಸಂಭವದ ಲೆಕ್ಕ ಕಲಿಸಲು ಅದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ಪಿಯು ವಿದ್ಯಾರ್ಥಿಯೊಬ್ಬ 1,326ರಲ್ಲಿ 34 ಹೇಗೆ ಬಂತೆಂದು ಬಿಡಿಸಿ ತೋರಿಸಿದರೆ ನನಗೆ ಬಹಳ ಸಂತೋಷವಾಗುತ್ತದೆ. ದುಡ್ಡಿಲ್ಲದೆ ಕಲಿಯಬಹುದಾದ ವಿದ್ಯೆ ಇದು, ದುಡ್ಡಿಲ್ಲದೆಯೇ ಕಲಿಯಬೇಕು. ಈಗಾಗಲೇ ಸೋತು ಸಾಲದಲ್ಲಿರುವವರು, ಬಿಡಬೇಕೆಂದರೂ ಬಿಡಲಾಗದವರು 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಂದ ಮುಚ್ಚಿಟ್ಟುಕೊಂಡು ಇನ್ನೊಂದು ಕೈ ಆಡುವುದಕ್ಕಿಂತ ಆ ಒಂದು ಕರೆ ಸಾವಿರ ಪಾಲು ಮೇಲು.

ಟೂರ್ನಮೆಂಟಿನ ಶಾರ್ಟ್ ಸ್ಟ್ಯಾಕಿನವನು ಎಲ್ಲವನ್ನೂ ಮುಂದಿಡುವುದು ಅವನಿಗೆ ಏಳುವ ದಾರಿ ಇಲ್ಲದ್ದಕ್ಕೆ. ಎದ್ದವನಿಗೆ ಅಲ್ಲಿ ಏನೂ ಸಿಗುವುದಿಲ್ಲ. ಹೊರಗಿನ ಯಾವ ಆಟದಲ್ಲೂ, ಯಾವ ವ್ಯವಹಾರದಲ್ಲೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಈಗ ಎದ್ದರೆ ನನ್ನ ಕೈಯಲ್ಲಿ ಏನಾದರೂ ಉಳಿಯುತ್ತದೆಯೇ? ಉಳಿಯುತ್ತದೆ ಎಂದಾದರೆ ಏಳಬೇಕು. ಲೆಕ್ಕ ಹೇಳುವುದೂ ಅದನ್ನೇ.